ಕಕ್ಕಡದ ಮಳೆಯೂ ಕೊಡಗಿನ ಒಲೆಯೂ

ಕೊಡಗನ್ನು ನೋಡಹೋಗುವವರು ಸಾಮಾನ್ಯವಾಗಿ ಮಳೆ ಕಳೆದ ಮೇಲೆ ಹೋಗುತ್ತಾರೆ. ತುಲಾಸಂಕ್ರಮಣದ ತಲಕಾವೇರಿ, ಪುತ್ತರಿಯ ಕೋಲಾಟ, ಬೇಸಗೆಯ ಮೊದಲ ಮಳೆ ಬಿದ್ದೊಡನೆ ಬೆಳ್ಳಗೆ ಅರಳಿ ಘಮಘಮಿಸುವ ಕಾಫಿಯ ಹೂವು—ಪ್ರವಾಸಿಗಳ ಕೊಡಗು ಇದು. ಆದರೆ ಒಂದು ನಾಡಿನ ಮನೆಗಳು ಏಕೆ ಹಾಗಿವೆ ಎಂಬುದನ್ನು ಅರಿಯಬೇಕಾದರೆ, ಆ ನಾಡಿನ ಅತ್ಯಂತ ಕಷ್ಟದ ಋತುವಿನಲ್ಲಿ ಅಲ್ಲಿಗೆ ಹೋಗಬೇಕು. ಕೊಡಗಿನಲ್ಲಿ ಅಂತಹ ಋತು ಕಕ್ಕಡ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಸೂರ್ಯನು ರಜೆ ಪಡೆದವನಂತೆ ಕಾಣೆಯಾಗುತ್ತಾನೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಭಾಗಮಂಡಲ, ತಲಕಾವೇರಿಗಳ ಕಡೆ ಅದಕ್ಕಿಂತಲೂ ಬಹಳ ಹೆಚ್ಚು. ಪೂರ್ವಕ್ಕೆ ಮೂವತ್ತು ಕಿಲೋಮೀಟರು ಇಳಿದು ಕುಶಾಲನಗರಕ್ಕೆ ಬಂದರೆ ಮಡಿಕೇರಿಯ ಮೂರರಲ್ಲೊಂದು ಪಾಲು ಮಾತ್ರ. ಒಂದೇ ಜಿಲ್ಲೆಯೊಳಗೆ ಆಕಾಶ ಇಷ್ಟು ಪಕ್ಷಪಾತ ತೋರುವ ಸ್ಥಳಗಳು ಕಡಮೆ.

ಇಂತಹ ಮಳೆಯಲ್ಲಿ ಮನೆಯೊಂದರ ಮುಖ್ಯ ಕೆಲಸ ಬೆಚ್ಚಗಿಡುವುದು ಮಾತ್ರವಲ್ಲ, ಒಣಗಿಸುವುದು. ಅಕ್ಕಿ ಒಣಗಬೇಕು, ಬಟ್ಟೆ ಒಣಗಬೇಕು, ಸೌದೆ ಒಣಗಬೇಕು, ಗೋಡೆ ಒಣಗಬೇಕು. ಕಡೆಗೆ ಹೊರಗಿನಿಂದ ಬಂದ ಮನುಷ್ಯನೂ ಒಣಗಬೇಕು! ಇದಕ್ಕೆಲ್ಲ ಶಾಖ ಬೇಕು. ಶಾಖಕ್ಕೆ ಇಂಧನ ಬೇಕು. ಇಂಧನಕ್ಕೆ ಯಾರಾದರೊಬ್ಬರು ಹಣವನ್ನೋ ದುಡಿಮೆಯನ್ನೋ ಆರೋಗ್ಯವನ್ನೋ ತೆರಬೇಕು. ಕಳೆದ ವರ್ಷ ಕಕ್ಕಡದಲ್ಲಿ ನನ್ನ ಸಹೋದ್ಯೋಗಿಯೊಬ್ಬರೊಡನೆ ಅವರ ಊರಿನಲ್ಲಿ ಎಂಟು ದಿನ ಕಳೆದೆನಷ್ಟೆ. ಈ ಲೆಕ್ಕ ಎಷ್ಟು ಸೂಕ್ಷ್ಮವಾದದ್ದೆಂಬುದು ಅಲ್ಲಿ ಮನದಟ್ಟಾಯಿತು.

ಐನ್‌ಮನೆಯ ಜಾಣ್ಮೆ

ಮಡಿಕೇರಿಯಿಂದ ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆಯ ಕಡೆಗೆ ಹೋಗುವ ದಾರಿ ಮಳೆಗಾಲದಲ್ಲಿ ಹಸುರಿನ ಸುರಂಗದಂತಿರುತ್ತದೆ. ಎಡಬಲಗಳಲ್ಲಿ ಕಾಫಿ ತೋಟ, ಮೇಲೆ ನೆರಳಿನ ಮರ, ಮರಕ್ಕೆ ಮೆಣಸಿನ ಬಳ್ಳಿ. ತಗ್ಗಿನಲ್ಲಿ ಕನ್ನಡಿಯಂತಹ ಗದ್ದೆ. ದೊಡ್ಡ ವೀರರಾಜೇಂದ್ರನು 1792ರಿಂದ 1794ರ ಅವಧಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಇರುವುದು ಈ ಸೀಮೆಯಲ್ಲಿಯೇ, ತಡಿಯಂಡಮೋಳ್ ಬೆಟ್ಟದ ಮಡಿಲಲ್ಲಿ. ಆದರೆ ಕೊಡಗಿನ ವಾಸ್ತುವನ್ನು ನೋಡಲು ಅರಮನೆಯೇ ಬೇಕೆಂದಿಲ್ಲ. ಗದ್ದೆಯ ಅಂಚಿನ ದಿಣ್ಣೆಗಳ ಮೇಲೆ ಅಲ್ಲಲ್ಲಿ ಕಾಣುವ ಐನ್‌ಮನೆಗಳೇ ಸಾಕು.

ಐನ್‌ಮನೆಯೆಂದರೆ ಒಕ್ಕದ ಮೂಲಮನೆ. ಒಬ್ಬನೇ ಮೂಲಪುರುಷನ ಸಂತತಿಯವರಿಗೆಲ್ಲ ಸೇರಿದ ಹಿರಿಯ ಮನೆ. ಹೆಚ್ಚಿನವು ಪೂರ್ವಾಭಿಮುಖ. ಎರಡೂ ಕಡೆ ಮಣ್ಣಿನ ದಂಡೆಯಿರುವ ಓಣಿಯೊಂದು ಗದ್ದೆಯಿಂದ ಅಂಗಳಕ್ಕೆ ಏರಿಬರುತ್ತದೆ. ಮುಂದೆ ಕಯ್ಯಾಲೆ ಎಂಬ ಜಗಲಿ. ಅದರ ಕಂಬಗಳ ನಡುವೆ ಐಮರ ಎಂಬ ಅಗಲವಾದ ಮರದ ಹಲಗೆ. ಒಳಗೆ ನೆಲ್ಲಕ್ಕಿ ನಡುಬಾಡೆ. ಅಲ್ಲಿ ನೇತಾಡುವ ತೂಕ್ ಬೊಳಕ್ ಎಂಬ ದೀಪ ಒಕ್ಕದವರಿಗೆ ಪರಮಪೂಜ್ಯ. ನೈಋತ್ಯದಲ್ಲಿ ಕನ್ನಿಕೊಂಬರೆ. ದೊಡ್ಡ ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ಚೌಕ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳು ನಾಡನ್ನೆಲ್ಲ ಸುತ್ತಿ ಈ ಮನೆಗಳನ್ನು ದಾಖಲಿಸಿಟ್ಟಿರುವುದು ಕೊಡಗಿಗೆ ಮಾಡಿದ ದೊಡ್ಡ ಉಪಕಾರ.

ನಾವು ಇಳಿದುಕೊಂಡದ್ದು ಅಂತಹುದೊಂದು ಮನೆಯಲ್ಲಿ. ಅದರ ಮಣ್ಣಿನ ಗೋಡೆ ಒಂದು ಮೊಳಕ್ಕೂ ದಪ್ಪ. ಇಷ್ಟು ದಪ್ಪದ ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ ನಿಧಾನವಾಗಿಯೇ ಬಿಡುತ್ತದೆ. ಆದಕಾರಣ ಬೇಸಗೆಯ ನಡುಹಗಲಿನಲ್ಲಿ ಒಳಗೆ ತಂಪು. ಚಳಿಗಾಲದ ರಾತ್ರಿಯಲ್ಲಿ ಒಳಗೆ ಬೆಚ್ಚಗೆ. ಆದರೆ ಮಣ್ಣಿಗೆ ನೀರು ಶತ್ರು. ಗೋಡೆಯನ್ನು ಕಾಯುವುದಕ್ಕಾಗಿ ಮಾಡು ಕಡಿದಾಗಿ ಇಳಿದು ಗೋಡೆಯಿಂದ ಬಹು ಮುಂದಕ್ಕೆ ಚಾಚಿರುತ್ತದೆ. ಮೊದಲು ಹುಲ್ಲಿನ ಹೊದಿಕೆಯಿದ್ದ ಇಂತಹ ಮಾಡುಗಳಿಗೆ ಕಾಲಕ್ರಮದಲ್ಲಿ ಹೆಂಚು ಬಂದಿತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಆ ಕೆಂಪು ಹೆಂಚು ಘಟ್ಟ ಹತ್ತಿ ಕೊಡಗಿನ ರೂಪವನ್ನೇ ಬದಲಾಯಿಸಿತು. ಹೆಂಚುಗಳ ಸಂದಿಯಿಂದ ಮನೆ ಉಸಿರಾಡುತ್ತದೆ. ಹೊಗೆ ಹೊರಗೆ ಹೋಗುತ್ತದೆ, ಮಳೆ ಒಳಗೆ ಬಾರದು. ನಡುವಣ ಚೌಕವಾದರೋ ಒಳಮನೆಗೆ ಹಗಲಿನ ಬೆಳಕನ್ನು ತರುತ್ತದೆ. ಕಕ್ಕಡದ ಮಬ್ಬಿನಲ್ಲಿಯೂ ಅಲ್ಲಿ ಕುಳಿತು ಪುಸ್ತಕ ಓದಲು ನನಗೆ ದೀಪ ಬೇಕಾಗಲಿಲ್ಲ.

ಐದು ಕೆಲಸದ ಒಲೆ

ಈ ಮನೆಯ ಹೃದಯ ಅಡಿಗೆಮನೆ. ಅಲ್ಲಿನ ಒಲೆ ಮುಂಜಾನೆ ಹೊತ್ತಿದರೆ ರಾತ್ರಿ ಊಟವಾಗುವವರೆಗೆ ಆರುವುದಿಲ್ಲ. ನಗರದವರ ಕಣ್ಣಿಗೆ ಇದು ದುಂದು. ಆದರೆ ಲೆಕ್ಕ ಹಾಕಿ ನೋಡಿ. ಕಡಂಬುಟ್ಟು ಬೇಯುವುದು ಆ ಒಲೆಯ ಮೇಲೆ. ಹುಳಿಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಗೆ ಬತ್ತಿಸಿದ ಕಾಚಂಪುಳಿ ಸಿದ್ಧವಾಗುವುದೂ ಅಲ್ಲಿಯೇ. ಒಲೆಯ ಮೇಲುಗಡೆಯ ಅಟ್ಟದಲ್ಲಿ ಮಾಂಸ ಹೊಗೆಗೆ ಒಣಗುತ್ತದೆ. ಬಿದಿರಿನ ಬುಟ್ಟಿಗಳು ಹುಳು ಹಿಡಿಯದೆ ಉಳಿಯುತ್ತವೆ. ಪಕ್ಕದಲ್ಲಿ ಮರುದಿನದ ಸೌದೆ ಒಣಗುತ್ತದೆ. ಹೊಗೆ ಮೇಲೇರಿ ಮಾಡಿನ ಮರವನ್ನು ಹುಳುವಿನಿಂದ ಕಾಯುತ್ತದೆ. ಸಂಜೆಗೆ ಕೆಂಡವನ್ನು ಅಗ್ಗಿಷ್ಟಿಕೆಗೆ ತುಂಬಿ, ಮೇಲೆ ಬಿದಿರಿನ ಬುಟ್ಟಿಯನ್ನು ಕವುಚಿ, ಬುಟ್ಟಿಯ ಮೇಲೆ ಮಕ್ಕಳ ಬಟ್ಟೆಗಳನ್ನು ಹರಡುತ್ತಾರೆ. ಒಂದು ಬೆಂಕಿ, ಐದು ಕೆಲಸ!

ಇದರಲ್ಲಿ ಭೌತಶಾಸ್ತ್ರವೂ ಇದೆ. ಗಾಳಿ ಬಿಸಿಯಾದಷ್ಟೂ ಅದು ಹೊರಬಲ್ಲ ನೀರಾವಿ ಹೆಚ್ಚುತ್ತದೆ. ಮನೆಯ ಗಾಳಿಯನ್ನು ಹೊರಗಿನದಕ್ಕಿಂತ ನಾಲ್ಕಾರು ಡಿಗ್ರಿ ಬೆಚ್ಚಗಿಟ್ಟರೂ ಸಾಕು, ಗೋಡೆಗೆ ಬೂಸ್ಟು ಹಿಡಿಯುವುದು ತಪ್ಪುತ್ತದೆ. ಹಿಂದಿನವರು ಇದನ್ನು ಪುಸ್ತಕದಲ್ಲಿ ಓದಿರಲಿಲ್ಲ. ಆದರೆ ಒಲೆಯನ್ನು ಆರಗೊಡುತ್ತಿರಲಿಲ್ಲ. ಸೌದೆಗೂ ಅವರು ಮರ ಕಡಿಯಬೇಕಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಕಾಫಿಗೆ ಬೆಳಕು ಬೀಳಲೆಂದು ನೆರಳಿನ ಮರಗಳ ಕೊಂಬೆಗಳನ್ನು ಕತ್ತರಿಸುವ ಮರಕಪಾತಿನಿಂದ ವರ್ಷದ ಸೌದೆ ಒದಗುತ್ತಿತ್ತು. ಏಪ್ರಿಲಿನ ಬಿಸಿಲಿನಲ್ಲಿ ಅದನ್ನು ಒಣಗಿಸಿ ಕೊಟ್ಟಿಗೆಗೆ ಸೇರಿಸದವನ ಗತಿ ಕಕ್ಕಡದಲ್ಲಿ ತಿಳಿಯುತ್ತಿತ್ತು. ಏಕೆಂದರೆ ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ. ಅಂತಹ ಸೌದೆ ತನ್ನ ನೀರನ್ನು ತಾನು ಒಣಗಿಸಿಕೊಳ್ಳುವುದಕ್ಕೆ ಶಾಖದ ಒಂದು ಪಾಲನ್ನು ವ್ಯಯಮಾಡಿ, ನಮಗೆ ಹೊಗೆಯನ್ನು ಉಳಿಸುತ್ತದೆ.

ನಾನು ಈ ಒಲೆಯನ್ನು ಹೊಗಳುತ್ತಿದ್ದಾಗ ಸಹೋದ್ಯೋಗಿಯ ದೊಡ್ಡಮ್ಮ ಊದುಗೊಳವೆಯನ್ನು ಕೆಳಗಿಟ್ಟು ಹೇಳಿದರು: “ಮೇಷ್ಟ್ರೇ, ಹೊಗೆ ಒಳ್ಳೆಯದು ಅಂತ ಹೇಳುವವರು ಒಂದು ಕಕ್ಕಡ ಪೂರ್ತಿ ಇಲ್ಲಿ ನಿಂತು ಅನ್ನ ಮಾಡಲಿ. ಆಮೇಲೆ ಮಾತಾಡೋಣ.” ಎಪ್ಪತ್ತು ದಾಟಿದ ಆಕೆ ಮಾತಿನ ನಡುವೆ ಎರಡು ಬಾರಿ ಕೆಮ್ಮಿದರು. ನನ್ನ ಹೊಗಳಿಕೆ ಅಲ್ಲಿಗೆ ನಿಂತಿತು. ಮನೆಯೊಳಗಿನ ಇಂಧನದ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಐದು ಕೆಲಸದ ಒಲೆಗೆ ಆರನೆಯ ಕೆಲಸವೂ ಒಂದಿತ್ತು. ಅದನ್ನು ಹೆಂಗಸರ ಎದೆ ಬಲ್ಲದು.

ಐವತ್ತು ಗಜ ಕೆಳಗೆ

ಐನ್‌ಮನೆಯಿಂದ ಐವತ್ತು ಗಜ ಕೆಳಗೆ ಸಹೋದ್ಯೋಗಿಯ ತಮ್ಮನ ಹೊಸ ಮನೆ. ಇಟ್ಟಿಗೆ, ಸಿಮೆಂಟು, ಕಾಂಕ್ರೀಟಿನ ಮಟ್ಟಸವಾದ ತಾರಸಿ, ಅಗಲವಾದ ಗಾಜಿನ ಕಿಟಕಿಗಳು. ಬೆಂಗಳೂರಿನ ಯಾವ ಬಡಾವಣೆಯಲ್ಲಿಟ್ಟರೂ ಒಪ್ಪುವ ಮನೆ. ಇದನ್ನು ಏಕೆ ಕಟ್ಟಿದರೆಂಬುದಕ್ಕೆ ಉತ್ತರ ಮೇಲೆಯೇ ಬಂದಿದೆ: ಹೊಗೆ ಬೇಡ. ಜೊತೆಗೆ, ಪ್ರತಿ ಬೇಸಗೆಯಲ್ಲಿಯೂ ಹೆಂಚು ಕೈಯಾಡಿಸಬೇಕು. ಕೋತಿಗಳು ಅದನ್ನು ಮತ್ತೆ ಸರಿಸುತ್ತವೆ. ಮಣ್ಣಿನ ಗೋಡೆ ಬಲ್ಲ ಕೆಲಸಗಾರರು ಸಿಕ್ಕುವುದಿಲ್ಲ. ಕಾರಣಗಳೆಲ್ಲ ನ್ಯಾಯವಾದವೇ.

ಆದರೆ ಮಟ್ಟಸವಾದ ತಾರಸಿಗೆ ಕಕ್ಕಡದ ಪರಿಚಯವಿರಲಿಲ್ಲ. ಎರಡನೆಯ ವರ್ಷವೇ ನೀರು ಇಂಗಿತು. ಕೊಡಗಿನ ಅನೇಕರು ಮಾಡುವಂತೆ ಇವರೂ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಗಡಿನ ಇಳಿಜಾರು ಮಾಡನ್ನು ಹೊದಿಸಿದರು. ಹೀಗೆ ಒಂದು ಮನೆಗೆ ಎರಡು ಮಾಡಿನ ಖರ್ಚು! ಚಾಚು ಸಾಲದ್ದರಿಂದ ಗೋಡೆ ನೆನೆಯುತ್ತದೆ. ನೆನೆದ ಗೋಡೆ ಒಣಗಿದ ಗೋಡೆಗಿಂತ ಬೇಗ ಶಾಖವನ್ನು ಹೊರಗೆ ಬಿಡುತ್ತದೆ. ಒಲೆ ಮಾಡುತ್ತಿದ್ದ ಐದು ಕೆಲಸಕ್ಕೆ ಇಲ್ಲಿ ಐದು ಯಂತ್ರಗಳು ಬಂದಿವೆ: ಅಡಿಗೆಗೆ ಗ್ಯಾಸು, ಸ್ನಾನಕ್ಕೆ ಗೀಸರು, ಚಳಿಗೆ ಹೀಟರು, ಬಟ್ಟೆಗೆ ಒಣಗಿಸುವ ಯಂತ್ರ, ಮಾಂಸಕ್ಕೆ ಫ್ರಿಜ್ಜು. ಮರ ಬಿದ್ದು ತಂತಿ ಕಡಿದ ದಿನ ಗ್ಯಾಸೊಂದನ್ನುಳಿದು ಎಲ್ಲವೂ ಮೌನ. ನಾವಿದ್ದ ಎಂಟು ದಿನಗಳಲ್ಲಿ ಮೂರು ದಿನ ವಿದ್ಯುತ್ತಿರಲಿಲ್ಲ. ಆ ಮೂರು ಸಂಜೆಯೂ ಹೊಸ ಮನೆಯವರು ಮಕ್ಕಳು ಮರಿ ಸಮೇತ ದೊಡ್ಡಮ್ಮನ ಅಡಿಗೆಮನೆಗೆ ಬಂದು ಕುಳಿತರು.

ಇಲ್ಲಿ ವಾಚಕರು ತಮ್ಮ ಮನೆಗೂ ಅನ್ವಯಿಸಬಹುದಾದ ಒಂದು ಸಣ್ಣ ಗಣಿತ. ಒಂದು ಬಕೆಟ್ಟು, ಎಂದರೆ 20 ಲೀಟರು ನೀರನ್ನು 18 ಡಿಗ್ರಿಯಿಂದ 43 ಡಿಗ್ರಿಗೆ ಕಾಯಿಸಲು ಸುಮಾರು 0.58 ಯೂನಿಟ್ಟು ವಿದ್ಯುತ್ತು ಬೇಕು. ಐದು ಜನರ ಸಂಸಾರ ದಿನಕ್ಕೊಂದೊಂದು ಬಕೆಟ್ಟು ಬಳಸಿದರೆ ತಿಂಗಳಿಗೆ ಸುಮಾರು 87 ಯೂನಿಟ್ಟು. 9 ವಾಟಿನ ಎಲ್‌ಇಡಿ ದೀಪವೊಂದು ಅದೇ 0.58 ಯೂನಿಟ್ಟಿನಲ್ಲಿ ಅರುವತ್ತು ಗಂಟೆಗೂ ಮೀರಿ ಉರಿಯುತ್ತದೆ. ದೀಪ ಆರಿಸಲಿಲ್ಲವೆಂದು ಮಕ್ಕಳನ್ನು ಗದರಿಸುವ ತಂದೆ, ತಾನು ಎರಡನೆಯ ಬಕೆಟ್ಟನ್ನು ತುಂಬಿಕೊಳ್ಳುವ ಮುನ್ನ ಇದನ್ನು ನೆನೆಯಬಹುದು! ಬಟ್ಟೆಯ ಮಾತೂ ಹೀಗೆಯೇ. ಒಂದು ಲೀಟರು ನೀರನ್ನು ಆವಿಯಾಗಿಸಲು ಒಂದು ಯೂನಿಟ್ಟಿನ ಮೂರರಲ್ಲಿ ಎರಡು ಪಾಲು ಶಾಖ ಬೇಕು. ಬಿಸಿಲು ಅದನ್ನು ಉಚಿತವಾಗಿ ಕೊಡುತ್ತದೆ, ಕಕ್ಕಡ ಕೊಡುವುದಿಲ್ಲ.

ಮನೆಯೋ, ಮನೆಯವರೋ?

ಹಾಗಾದರೆ ಹಳೆಯ ಮನೆ ಒಳ್ಳೆಯದು, ಹೊಸದು ಕೆಟ್ಟದ್ದು ಎಂದು ತೀರ್ಮಾನಿಸೋಣವೆ? ಅದು ಅವಸರವಾದೀತು. ಅಮೆರಿಕದ ನ್ಯೂಜೆರ್ಸಿಯಲ್ಲಿ ಟ್ವಿನ್ ರಿವರ್ಸ್ ಎಂಬ ಬಡಾವಣೆಯಿದೆ. 1970ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ರಾಬರ್ಟ್ ಸೊಕೊಲೊ ಮತ್ತು ಸಂಗಡಿಗರು ಅಲ್ಲಿನ ಒಂದೇ ನಕ್ಷೆಯ, ಒಂದೇ ಸಾಲಿನ ಮನೆಗಳ ಇಂಧನದ ಲೆಕ್ಕವನ್ನು ಹಲವು ವರ್ಷ ಇಟ್ಟರು. ಗೋಡೆ ಒಂದೇ, ಮಾಡು ಒಂದೇ. ಆದರೂ ಒಂದು ಮನೆಯ ಖರ್ಚು ಇನ್ನೊಂದರ ಇಮ್ಮಡಿಯಾಗಿದ್ದುದುಂಟು. ಹಳೆಯವರು ಬಿಟ್ಟು ಹೊಸಬರು ಬಂದ ಮನೆಗಳಲ್ಲಿ ಲೆಕ್ಕವೇ ಬದಲಾಯಿತು. ವ್ಯತ್ಯಾಸದ ದೊಡ್ಡ ಪಾಲು ವಾಸಿಸುವವರ ಅಭ್ಯಾಸದಲ್ಲಿತ್ತೆಂಬುದು ಇದರಿಂದ ಸ್ಪಷ್ಟವಾಯಿತು.

ಐನ್‌ಮನೆಯ ಮಿತವ್ಯಯವೂ ಗೋಡೆಯದು ಮಾತ್ರವಾಗಿರಲಿಲ್ಲ. ಮೂವತ್ತು ನಲವತ್ತು ಜನ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಸಂಜೆಗೆ ಬೆಂಕಿಯ ಸುತ್ತ ಒಟ್ಟಿಗೆ ಕೂರುತ್ತಿದ್ದರು. ಕೋಣೆಗಳನ್ನು ಯಾರೂ ಬಿಸಿ ಮಾಡುತ್ತಿರಲಿಲ್ಲ. ಮನುಷ್ಯರಿರುವ ಕಡೆ ಬೆಂಕಿಯಿತ್ತು, ಬೆಂಕಿಯಿಲ್ಲದ ಕಡೆ ಕಂಬಳಿಯಿತ್ತು. ಈಗ ಅದೇ ಮನೆಯಲ್ಲಿ ದೊಡ್ಡಮ್ಮ ಮತ್ತು ಒಬ್ಬ ಸಹಾಯಕಿ. ನಲವತ್ತು ಜನರ ಒಲೆ ಇಬ್ಬರಿಗಾಗಿ ಉರಿಯುತ್ತದೆ. ಮನೆ ಬದಲಾಗಲಿಲ್ಲ; ತಲೆಯೊಂದಕ್ಕೆ ಬೀಳುವ ಸೌದೆ ಮಾತ್ರ ಹಲವು ಮಡಿಯಾಯಿತು. ಉಳಿದ ಮೂವತ್ತೆಂಟು ಜನ ಮೈಸೂರು, ಬೆಂಗಳೂರುಗಳಲ್ಲಿ ಹತ್ತು ಮನೆ ಮಾಡಿ, ಹತ್ತು ಗೀಸರು ಹತ್ತು ಫ್ರಿಜ್ಜುಗಳನ್ನಿಟ್ಟಿದ್ದಾರೆ. ಇದರ ಲೆಕ್ಕವನ್ನು ಯಾವ ಶಿಲ್ಪಿಯೂ ನಕ್ಷೆಯಲ್ಲಿ ಬರೆಯಲಾರ.

ಸರಕಾರದ ನಿಯಮಗಳೂ ಅಭ್ಯಾಸವನ್ನು ತಿದ್ದುವುದುಂಟು. 2023ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು, ಮನೆಯ ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತನ್ನು ಸೇರಿಸಿ ಉಚಿತ ಪ್ರಮಾಣವನ್ನು ಗೊತ್ತುಪಡಿಸಿತು. ತಿಂಗಳ ಬಳಕೆ 200 ಯೂನಿಟ್ಟು ದಾಟಿದರೆ ಪೂರ್ಣ ಬಿಲ್ಲು. ಮಿತವಾಗಿ ಬಳಸಿದವನಿಗೆ ಕಡಮೆ ಪಾಲು, ಧಾರಾಳವಾಗಿ ಬಳಸಿದವನಿಗೆ ಹೆಚ್ಚು ಪಾಲು! ಆದರೂ 200ರ ಗೆರೆಯ ಭಯ ಇದೆಯಲ್ಲ, ಅದು ಹೊಸ ಮನೆಯ ಸೊಸೆಗೆ ಗೀಸರಿನ ಗುಂಡಿಯನ್ನು ಆರಿಸಲು ಕಲಿಸಿದೆ.

ಇನ್ನೂ ಒಂದು ಬಗೆಯ ಮನೆಯನ್ನು ಹೇಳದೆ ಬಿಟ್ಟರೆ ಕೊಡಗಿನ ಚಿತ್ರ ಅಪೂರ್ಣ. ಅದು ಲೈನ್‌ಮನೆ. ಜಾನ್ ಫೌಲರ್ ಎಂಬ ಆಂಗ್ಲೇಯನು 1854ರಲ್ಲಿ ಮಡಿಕೇರಿಯಲ್ಲಿ ಐರೋಪ್ಯರ ಮೊದಲ ಕಾಫಿ ತೋಟವನ್ನು ತೆರೆದ ಮೇಲೆ ಇಲ್ಲಿ ಎರಡು ಬಗೆಯ ಮನೆಗಳು ಬೆಳೆದವು. ದೊರೆಗೆ ಬಂಗಲೆ, ಅದರಲ್ಲಿ ಚಿಮಣಿಯಿರುವ ಅಗ್ಗಿಷ್ಟಿಕೆ, ಶಾಖದ ಬಹುಪಾಲು ಚಿಮಣಿಯ ಮೂಲಕ ಆಕಾಶಕ್ಕೆ. ಕೂಲಿಯವನಿಗೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆ. ತೆಳುವಾದ ಗೋಡೆ, ತಗಡಿನ ಅಥವಾ ಶೀಟಿನ ಮಾಡು. ಅಲ್ಲಿ ಮಿತವ್ಯಯವನ್ನು ಬೋಧಿಸಬೇಕಾದ ಅಗತ್ಯವಿಲ್ಲ. ಇಲ್ಲದಿರುವುದೇ ಅವರ ಮಿತವ್ಯಯ. 2018ರ ಆಗಸ್ಟಿನಲ್ಲಿ ಬೆಟ್ಟಗಳು ಕುಸಿದು ಮನೆ ಕಳೆದುಕೊಂಡವರಿಗೆ ಮತ್ತೆ ಹೊಸ ಮನೆಗಳು ಎದ್ದವು. ಒಣಗಿದ ಗೋಡೆ, ಚಾಚಿದ ಮಾಡು, ಹೊಗೆಯಿಲ್ಲದ ಒಲೆ—ಕೊಡಗಿನಲ್ಲಿ ಯಾರು ಯಾರಿಗೆ ಮನೆ ಕಟ್ಟಿಕೊಟ್ಟರೂ ಈ ಮೂರನ್ನು ಮೊದಲು ಕೇಳಬೇಕು.

ಒಕ್ಕದ ತೀರ್ಮಾನ

ನಾವು ಹೋದಾಗ ಆ ಒಕ್ಕದಲ್ಲಿ ಒಂದು ಚರ್ಚೆ ನಡೆದಿತ್ತು. ಐನ್‌ಮನೆಯನ್ನು ಕೆಡವಿ, ದೀಪದ ನಡುಬಾಡೆಯೊಂದನ್ನು ಉಳಿಸಿಕೊಂಡು, ಕಾಂಕ್ರೀಟಿನ ಹೊಸ ಮನೆ ಕಟ್ಟಬೇಕೆಂದು ಹೊರಗೆ ನೆಲಸಿದ ಕಿರಿಯರು ಹಣ ಕೂಡಿಸಿದ್ದರು. ವರ್ಷಕ್ಕೆರಡು ಬಾರಿ ಬರುವವರಿಗೆ ಸ್ನಾನದ ಮನೆ ಚೆನ್ನಾಗಿರಬೇಕಷ್ಟೆ! ಉಳಿಸಬೇಕೆನ್ನುವವರು ಕೆತ್ತನೆಯ ಬಾಗಿಲುಗಳನ್ನು ತೋರಿಸಿ ಪರಂಪರೆಯ ಮಾತೆತ್ತುತ್ತಿದ್ದರು. ಆ ಮನೆಯಲ್ಲಿ ದಿನವೂ ಬಾಳುತ್ತಿದ್ದ ಒಬ್ಬರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕಕ್ಕಡದ ಹದಿನೆಂಟರ ದಿನ, ಮದ್ದಿನ ಸೊಪ್ಪಿನ ಕಡುನೇರಿಳೆಯ ಪಾಯಸವನ್ನು ಬಡಿಸುತ್ತ ಸಹೋದ್ಯೋಗಿ ಕೇಳಿಯೇಬಿಟ್ಟರು: “ದೊಡ್ಡಮ್ಮ, ನಿಮಗೆ ಏನು ಬೇಕು?” ಆಕೆ ಯೋಚಿಸಿ ಹೇಳಿದರು: “ಗೋಡೆ ಮುಟ್ಟಬೇಡಿ. ಒಲೆ ಬದಲಾಯಿಸಿ.”

ಒಲೆಯನ್ನು ಬದಲಾಯಿಸುವ ವಿದ್ಯೆ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರು ನಡೆಸಿದ ಪರಿಶೀಲನೆಯಲ್ಲಿ, ಹಳ್ಳಿಯ ಇಂಧನದಲ್ಲಿ ಬಹುಪಾಲು ಸೌದೆಯೆಂದೂ, ಅದರ ಬಹುಪಾಲು ಅಡಿಗೆಗೆ ಹೋಗುತ್ತದೆಂದೂ ಕಂಡುಬಂದಿತು. ಅಲ್ಲಿಂದ ಮುಂದೆ ಬಂದದ್ದೇ ‘ಅಸ್ತ್ರ ಒಲೆ’: ಸುತ್ತ ಮುಚ್ಚಿದ ಉರಿಗೂಡು, ಮೂರು ಪಾತ್ರೆಗೆ ಒಂದೇ ಬೆಂಕಿ, ಹೊಗೆಗೆ ಕೊಳವೆ. ತೆರೆದ ಒಲೆಗಿಂತ ಸೌದೆ ಬಹಳ ಕಡಮೆ. ಆದರೆ ಅನೇಕ ಕಡೆ ಇಂತಹ ಒಲೆಗಳು ಬಂದ ಹಾಗೆಯೇ ಹೋದವು; ಕೊಳವೆಯ ಮಸಿಯನ್ನು ತೆಗೆಯುವ ಅಭ್ಯಾಸವಿಲ್ಲದ ಮನೆಯಲ್ಲಿ ಯಾವ ಒಲೆಯೂ ಬಾಳದು.

ಇಲ್ಲಿಯೂ ಒಂದು ತೊಡಕು ಎದ್ದಿತು. ಹೊಗೆಯೆಲ್ಲ ಕೊಳವೆಯಲ್ಲಿ ಹೋದರೆ ಅಟ್ಟದ ಮಾಂಸಕ್ಕೇನು, ಮಾಡಿನ ಮರಕ್ಕೇನು? ಈ ಪ್ರಶ್ನೆಯನ್ನು ಕೇಳಿದವರೂ ದೊಡ್ಡಮ್ಮನೇ, ಪರಿಹಾರ ಹೇಳಿದವರೂ ಅವರೇ. ಹಿತ್ತಲಿನ ಬಚ್ಚಲುಮನೆಯ ಹಂಡೆಯ ಒಲೆಯನ್ನು ಹಾಗೆಯೇ ಬಿಟ್ಟು ಅದರ ಮೇಲೊಂದು ಅಟ್ಟ ಕಟ್ಟುವುದು. ಮರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಬಳಿಯುವುದು. ಪುತ್ತರಿಗೆ ಒಕ್ಕವೆಲ್ಲ ಕೂಡಿದಾಗ ಹಾಗೆಯೇ ತೀರ್ಮಾನವಾಯಿತೆಂದು ಸಹೋದ್ಯೋಗಿ ತಿಳಿಸಿದರು. ಅಡಿಗೆಮನೆಗೆ ಕೊಳವೆಯ ಒಲೆ. ಚಹಾ ಕಾಫಿಗೆ ಗ್ಯಾಸು. ಕೂಡಿಸಿದ ಹಣದಲ್ಲಿ ಮಾಡಿನ ರಿಪೇರಿ, ಒಳಗೇ ಒಂದು ಸ್ನಾನದ ಮನೆ. ತಮ್ಮನ ಮನೆಯ ಮಾಡಿನ ಚಾಚನ್ನೂ ಮೂರಡಿ ಹೆಚ್ಚಿಸುತ್ತಾರಂತೆ.

1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿದಾಗ ಅದನ್ನು ಹುಟ್ಟಿಸಿದ ನೀರು ಕೊಡಗಿನ ಬೆಟ್ಟಗಳಿಂದ ಇಳಿದದ್ದು. ಆ ಬೆಟ್ಟಗಳ ಹಳ್ಳಿಗಳಿಗೆ ವಿದ್ಯುತ್ತಿನ ದೀಪ ಬರಲು ಆಮೇಲೆ ಬಹುಕಾಲ ಹಿಡಿಯಿತು. ಶಕ್ತಿಯನ್ನು ಕೊಡುವವರು ಒಬ್ಬರು, ಬಳಸುವವರು ಇನ್ನೊಬ್ಬರು ಎಂಬುದು ಕಾವೇರಿಯ ನಾಡಿಗೆ ಹಳೆಯ ಅನುಭವ. ಒಂದೇ ಮನೆಯೊಳಗೂ ಅದೇ ಕಥೆ. ಹೊಸ ಮನೆ ಕಟ್ಟುವ ಯೋಚನೆಯಲ್ಲಿರುವ ವಾಚಕರು ಶಿಲ್ಪಿಯನ್ನು ಕಾಣುವ ಮೊದಲು, ಆ ಮನೆಯಲ್ಲಿ ಹೆಚ್ಚು ಹೊತ್ತು ಕಳೆಯುವವರು ಯಾರೋ ಅವರನ್ನು ಒಂದು ಮಾತು ಕೇಳುವುದು ಲೇಸು. ಅದಕ್ಕೆ ಯೂನಿಟ್ಟಿನ ಖರ್ಚಿಲ್ಲ.